ಬೇಗ ಬೆಳೆಯುವ, ಕೊಬ್ಬು ಕಡಿಮೆ ಇರುವ ಹಂದಿ: ತಳಿ ಸುಧಾರಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಂದಿ ಸಾಕುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಹತ್ತು ತಾಯಿ ಹಂದಿ ಇರುವವರಿಗೆ ಮೊದಲ ಎರಡು ಭಾಗ ಸಾಕು. ಬೀಜದ ಗಂಡು ಮಾರುವ ಯೋಚನೆ ಇರುವವರು ಕೊನೆಯವರೆಗೂ ಓದಬೇಕು.

## ಮೊದಲು ತಿಳಿಯಬೇಕಾದ್ದು

ಚೆನ್ನಾಗಿ ತಿನ್ನಿಸಿದರೆ ಹಂದಿ ಬೆಳೆಯುತ್ತೆ. ತಳಿ ಆಯ್ಕೆ ಅಂತ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ತಿನ್ನಿಸಿದ ಆಹಾರ ಆ ಒಂದು ಹಂದಿಗೆ ಮುಗಿಯಿತು. ಆಯ್ಕೆಯಿಂದ ಬಂದ ಗುಣ ಮಾತ್ರ ಮರಿಗಳಿಗೂ ಅವುಗಳ ಮರಿಗಳಿಗೂ ಇಳಿಯುತ್ತದೆ, ಮುಂದಿನ ಆಯ್ಕೆ ಅದರ ಮೇಲೆ ಇನ್ನಷ್ಟು ಕೂಡಿಸುತ್ತದೆ. ಇನ್ನೊಂದು ಕಾರಣವೂ ಇದೆ. ಒಂದು ಹಂದಿ ದಿನಕ್ಕೆ ಎಷ್ಟು ಮಾಂಸಖಂಡ ಕಟ್ಟಬಲ್ಲದು ಎಂಬುದಕ್ಕೆ ಹುಟ್ಟಿನಿಂದಲೇ ಬಂದ ಮಿತಿ ಇರುತ್ತದೆ. ಆ ಮಿತಿ ದಾಟಿ ತಿಂದದ್ದೆಲ್ಲ ಕೊಬ್ಬಾಗುತ್ತದೆ. ಮಿತಿ ಕಡಿಮೆ ಇರುವ ಹಂದಿಗೆ ಒಳ್ಳೆಯ ಫೀಡ್ ಹಾಕುವುದೆಂದರೆ ದುಬಾರಿ ಕೊಬ್ಬು ತಯಾರಿಸಿದಂತೆ.

ನಮ್ಮ ಕಡೆ ಕೊಬ್ಬಿದ್ದರೇ ಜನ ಕೊಳ್ಳೋದು. ಕೊಬ್ಬು ಕಡಿಮೆ ಮಾಡಿ ನನಗೇನು ಲಾಭ?

ಕೊಡಗಿನ ಪಂದಿ ಕರಿಗೆ ಚರ್ಮ, ಕೊಬ್ಬು, ಮಾಂಸ ಮೂರೂ ಕೂಡಿದ ತುಂಡೇ ಬೇಕು. ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಲೆಕ್ಕ ಇರುವುದು ಫೀಡ್ ಖರ್ಚಿನಲ್ಲಿ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಕೊಬ್ಬಿನಲ್ಲಿ ನೀರು ಬಹಳ ಕಡಿಮೆ. ಹಾಗಾಗಿ ಒಂದು ಕೆಜಿ ಕೊಬ್ಬು ಕಟ್ಟಲು ಒಂದು ಕೆಜಿ ಮಾಂಸ ಕಟ್ಟುವುದರ ಮೂರು-ನಾಲ್ಕು ಪಟ್ಟು ಆಹಾರಶಕ್ತಿ ಹೋಗುತ್ತದೆ. ನಿಮ್ಮ ಗಿರಾಕಿ ಬೆನ್ನಿನ ಮೇಲೆ 15 ಮಿಲಿಮೀಟರ್ ದಪ್ಪದ ಕೊಬ್ಬು ಕೇಳಿದರೆ 15 ಕೊಡಿ. ನೀವು ಕೊಡುತ್ತಿರುವುದು 30 ಆಗಿದ್ದರೆ ಉಳಿದ 15ಕ್ಕೆ ಸುರಿದ ಫೀಡಿನ ದುಡ್ಡು ಯಾರೂ ಕೊಡುವುದಿಲ್ಲ. ಮೊದಲು ಕೊಳ್ಳುವವರನ್ನು ಕೇಳಿ ಗುರಿ ಗೊತ್ತು ಮಾಡಿಕೊಳ್ಳಿ, ಆಮೇಲೆ ಆಯ್ಕೆ.

ಯಾವ ತಳಿ ತರಲಿ?

ಲಾರ್ಜ್ ವೈಟ್ ಯಾರ್ಕ್‌ಷೈರ್ ಮತ್ತು ಲ್ಯಾಂಡ್ರೇಸ್ ತಾಯಿ ಕಡೆಗೆ: ಮರಿ ಹೆಚ್ಚು, ಹಾಲು ಹೆಚ್ಚು. ಡ್ಯುರಾಕ್ ತಂದೆ ಕಡೆಗೆ: ಬೆಳವಣಿಗೆ ಚುರುಕು, ಮಾಂಸದೊಳಗೆ ಸಣ್ಣ ಎಳೆಯಾಗಿ ಹರಡುವ ಕೊಬ್ಬು ಚೆನ್ನಾಗಿರುವುದರಿಂದ ರುಚಿ, ಮೃದುತ್ವ ಉಳಿಯುತ್ತದೆ. ಹ್ಯಾಂಪ್‌ಷೈರ್ ಮತ್ತು ಬೆಲ್ಜಿಯಂನ ಪಿಯೆಟ್ರೇನ್ ಮಾಂಸಖಂಡಕ್ಕೆ ಹೆಸರಾದವು. ಆದರೆ ಎರಡಕ್ಕೂ ಒಂದೊಂದು ಜೀನ್ ತೊಂದರೆ ಅಂಟಿಕೊಂಡಿದೆ, ಕೆಳಗೆ ಹೇಳಿದ್ದೇವೆ. ಗುವಾಹಟಿ ಬಳಿಯ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಹ್ಯಾಂಪ್‌ಷೈರ್ ಮತ್ತು ಉತ್ತರ ಬಂಗಾಳದ ದೇಸಿ ತಳಿ ಘುಂಗ್ರೂ ಕೂಡಿಸಿ ‘ರಾಣಿ’ ಎಂಬ ಮಿಶ್ರತಳಿ ಮಾಡಿದೆ. ರಾಣಿಗೆ ಡ್ಯುರಾಕ್ ಸೇರಿಸಿದ್ದು ‘ಆಶಾ’.

ತಳಿಯ ಹೆಸರಿಗೆ ಮಾತ್ರ ದುಡ್ಡು ಕೊಡಬೇಡಿ. ಒಂದೇ ತಳಿಯ ಎರಡು ಗಂಡುಗಳ ನಡುವಿನ ವ್ಯತ್ಯಾಸ ಎರಡು ತಳಿಗಳ ಸರಾಸರಿ ವ್ಯತ್ಯಾಸಕ್ಕಿಂತ ದೊಡ್ಡದಿರುವುದುಂಟು. ದಾಖಲೆ ಇಲ್ಲದ ‘ಪ್ಯೂರ್ ಡ್ಯುರಾಕ್’ ಎಂದರೆ ಕೆಂಪು ಬಣ್ಣದ ಹಂದಿ, ಅಷ್ಟೇ.

ಆನುವಂಶೀಯತೆ ಶೇಕಡಾ 40 ಅಂದರೆ ಅಪ್ಪನ ಶೇಕಡಾ 40 ಗುಣ ಮರಿಗೆ ಬರುತ್ತೆ ಅಂತಾನಾ?

ಹಾಗಲ್ಲ. ಹಿಂಡಿನಲ್ಲಿ ಹಂದಿ-ಹಂದಿಗೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಮರಿಗಳಿಗೆ ಇಳಿಯುವಂಥದ್ದು ಎಂಬುದನ್ನು ಅದು ಹೇಳುತ್ತದೆ. ಉಳಿದದ್ದು ಫೀಡ್, ಜಾಗ, ಕಾಯಿಲೆ, ಅದೃಷ್ಟ. ಬೆನ್ನಿನ ಕೊಬ್ಬಿಗೆ ಇದು ಶೇ. 40ರಿಂದ 50, ಬೆಳವಣಿಗೆಯ ವೇಗಕ್ಕೆ ಸುಮಾರು ಶೇ. 30, ಒಂದು ಸೂಲಿನ ಮರಿ ಸಂಖ್ಯೆಗೆ ಶೇ. 10ರ ಆಸುಪಾಸು. ಆದ್ದರಿಂದಲೇ ಕೊಬ್ಬನ್ನು ಆಯ್ಕೆಯಿಂದ ಬೇಗ ಇಳಿಸಬಹುದು, ಮರಿ ಸಂಖ್ಯೆಯನ್ನು ಹಾಗೆ ಏರಿಸುವುದು ಕಷ್ಟ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ 1954ರಲ್ಲಿ ಡ್ಯುರಾಕ್ ಮತ್ತು ಯಾರ್ಕ್‌ಷೈರ್ ಹಿಂಡುಗಳನ್ನು ಕೊಬ್ಬು ಹೆಚ್ಚಿನದು, ಕಡಿಮೆಯದು ಎಂದು ಎರಡು ಸಾಲು ಮಾಡಿ ತಲೆಮಾರುಗಟ್ಟಲೆ ಆರಿಸುತ್ತ ಹೋದರು. ಎರಡು ಸಾಲುಗಳೂ ಪ್ರತಿ ತಲೆಮಾರಿಗೆ ಒಂದರಿಂದೊಂದು ದೂರ ಸರಿದವು.

## ಅಳತೆ ಮತ್ತು ದಾಖಲೆ

ತೂಕದ ಯಂತ್ರ, ಒಂದು ಪುಸ್ತಕ, ಕಿವಿ ಓಲೆ. ಇಷ್ಟರಲ್ಲಿ ಶುರು ಮಾಡಬಹುದಾ?

ಧಾರಾಳವಾಗಿ. ಹುಟ್ಟಿದ ಒಂದೆರಡು ದಿನದೊಳಗೆ ಪ್ರತಿ ಮರಿಗೂ ಕಿವಿ ಗುರುತು ಹಾಕಿ, ಅಪ್ಪ, ಅಮ್ಮ, ಹುಟ್ಟಿದ ದಿನ, ಹುಟ್ಟಿದ ತೂಕ ಬರೆಯಿರಿ. ಯಾವುದಾದರೂ ಮರಿಯನ್ನು ಬೇರೆ ತಾಯಿಗೆ ಬಿಟ್ಟಿದ್ದರೆ ಸಾಕಿದ ತಾಯಿಯ ನಂಬರನ್ನೂ ಬರೆಯಿರಿ. ಹೆತ್ತವಳದ್ದನ್ನು ಅಳಿಸಬೇಡಿ. ಹಾಲು ಬಿಡಿಸಿದಾಗ ಒಂದು ತೂಕ, 30 ಕೆಜಿ ಹತ್ತಿರ ಒಂದು, 90 ಕೆಜಿ ಹತ್ತಿರ ಎರಡು ವಾರದ ಅಂತರದಲ್ಲಿ ಎರಡು ತೂಕ. ತೂಗುವ ಹೊತ್ತು ಯಾವಾಗಲೂ ಒಂದೇ ಇರಲಿ. ಬೆಳಿಗ್ಗೆ ತಿನ್ನುವ ಮೊದಲು ತೂಗಿದ್ದಕ್ಕೂ ಹೊಟ್ಟೆ ತುಂಬಿದ ಮೇಲೆ ತೂಗಿದ್ದಕ್ಕೂ ಹಲವು ಕೆಜಿ ಅಂತರ ಬರುತ್ತದೆ.

ಕಿವಿ ಓಲೆ ಕಿತ್ತು ಬೀಳುವುದು ಸಾಮಾನ್ಯ. ಅದಕ್ಕೇ ಕಿವಿಯಂಚಿನ ಕತ್ತರಿ ಗುರುತನ್ನೂ ಹಾಕುವುದು ಒಳ್ಳೆಯದು. ಗುರುತು ಕಳೆದುಹೋದ ಹಂದಿ ಎಷ್ಟೇ ಚೆನ್ನಾಗಿದ್ದರೂ ಮಾಂಸಕ್ಕೆ ಹೋಗಲಿ. ಊಹಿಸಿ ನಂಬರ್ ಹಾಕಿದರೆ ಮುಂದಿನ ಎಲ್ಲ ಲೆಕ್ಕ ಹಾಳಾಗುತ್ತದೆ.

ಬದುಕಿರೋ ಹಂದಿಯಲ್ಲಿ ಬೆನ್ನಿನ ಕೊಬ್ಬು ಅಳೆಯೋದು ಹೇಗೆ?

ಇದು ಬಹಳ ಕಾಲ ಬಗೆಹರಿಯದ ಸಮಸ್ಯೆಯಾಗಿತ್ತು. ಡೆನ್ಮಾರ್ಕ್‌ನವರು 1907ರಲ್ಲಿ ಪರೀಕ್ಷಾ ಕೇಂದ್ರ ತೆರೆದಾಗ ಪ್ರತಿ ಸೂಲಿನಿಂದ ನಾಲ್ಕು ಮರಿ ತಂದು, ಬೆಳೆಸಿ, ಕಡಿದು ನೋಡಿ ಅಪ್ಪ-ಅಮ್ಮನ ಬೆಲೆ ಕಟ್ಟುತ್ತಿದ್ದರು. ಇಂಗ್ಲೆಂಡಿನ ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸ) ಮಾರುಕಟ್ಟೆಗೆ ತಕ್ಕ ಡೇನಿಶ್ ಲ್ಯಾಂಡ್ರೇಸ್ ರೂಪುಗೊಂಡದ್ದು ಹಾಗೆ. ಅಯೋವಾದ ಲನಾಯ್ ಹೇಜಲ್ ಮತ್ತು ಕ್ಲೈನ್ 1952ರಲ್ಲಿ ಚರ್ಮ ಚೂರು ಸೀಳಿ ಲೋಹದ ಸಣ್ಣ ಅಳತೆಪಟ್ಟಿ ಇಳಿಸಿ ಅಳೆಯಬಹುದು ಎಂದು ತೋರಿಸಿದರು. ಈಗ ಅಲ್ಟ್ರಾಸೌಂಡ್ ಇದೆ, ಸೀಳಬೇಕಾಗಿಲ್ಲ.

ಜಾಗದ ಹೆಸರು ಪಿ2. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹಿಡಿದು ಮೇಲಕ್ಕೆ ಬೆನ್ನುಮೂಳೆವರೆಗೆ ಹೋಗಿ, ಅಲ್ಲಿಂದ ಪಕ್ಕಕ್ಕೆ 65 ಮಿಲಿಮೀಟರ್ ಅಳೆದು ಗುರುತು ಮಾಡಿ. ಕೂದಲು ಕತ್ತರಿಸಿ, ಅಡುಗೆ ಎಣ್ಣೆ ಅಥವಾ ಜೆಲ್ ಧಾರಾಳವಾಗಿ ಸವರಿ. ನಡುವೆ ಗಾಳಿ ಉಳಿದರೆ ಯಂತ್ರ ಸುಳ್ಳು ಹೇಳುತ್ತದೆ. ಪ್ರೋಬನ್ನು, ಅಂದರೆ ಯಂತ್ರದ ಅಳೆಯುವ ತುದಿಯನ್ನು, ನೇರವಾಗಿ ಇಡಿ, ಒತ್ತಬೇಡಿ. ಎಡಬಲ ಎರಡೂ ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ. ಹಂದಿ ನಾಲ್ಕೂ ಕಾಲಿನ ಮೇಲೆ ಆರಾಮಾಗಿ ನಿಂತಿರಬೇಕು. ಬೆನ್ನು ಬಾಗಿಸಿದ್ದರೆ ಒಂದೆರಡು ಮಿಲಿಮೀಟರ್ ತಪ್ಪುತ್ತದೆ, ಗಂಡುಗಳ ನಡುವಿನ ನಿಜವಾದ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಬೆನ್ನಿನ ಕೊಬ್ಬು ಪದರ ಪದರವಾಗಿ ಇರುತ್ತದೆ. ಅಗ್ಗದ ಯಂತ್ರಗಳು ಒಮ್ಮೊಮ್ಮೆ ಎರಡನೇ ಪದರಕ್ಕೇ ನಿಂತು ಕಡಿಮೆ ಅಂಕಿ ತೋರಿಸುತ್ತವೆ. ಒಂದು ಹಂದಿ ಮಾತ್ರ ನಂಬಲಾಗದಷ್ಟು ಕಡಿಮೆ ಬಂದರೆ ಸಂತೋಷಪಡುವ ಮೊದಲು ಮತ್ತೊಮ್ಮೆ ಅಳೆಯಿರಿ. ಪಶುವೈದ್ಯರ ಬಳಿಯ ಚಿತ್ರ ತೋರಿಸುವ ಸ್ಕ್ಯಾನರ್‌ನಲ್ಲಿ ಕೊಬ್ಬಿನ ಕೆಳಗಿನ ಬೆನ್ನಿನ ಖಂಡದ ಆಳವನ್ನೂ ನೋಡಬಹುದು. ಇಡೀ ಹಿಂಡನ್ನು ಒಬ್ಬರೇ ಅಳೆದರೆ ಅಂಕಿಗಳು ಒಂದಕ್ಕೊಂದು ಹೊಂದುತ್ತವೆ.

ಎಲ್ಲ ಹಂದಿ ಒಂದೇ ದಿನ 90 ಕೆಜಿ ಆಗಲ್ಲವಲ್ಲ. ಹೋಲಿಸೋದು ಹೇಗೆ?

ಎರಡು ತೂಕ ತೆಗೆಯಲು ಹೇಳಿದ್ದು ಇದಕ್ಕೇ. ಒಂದು ಗಂಡು 160ನೇ ದಿನ 86 ಕೆಜಿ, 174ನೇ ದಿನ 98 ಕೆಜಿ ಎಂದುಕೊಳ್ಳಿ. 14 ದಿನಕ್ಕೆ 12 ಕೆಜಿ, ದಿನಕ್ಕೆ 857 ಗ್ರಾಂ. 86ರಿಂದ 90ಕ್ಕೆ 4 ಕೆಜಿ, ಸುಮಾರು 5 ದಿನ. ಅಂದರೆ 165ನೇ ದಿನ 90 ಕೆಜಿ. ಕೊಬ್ಬಿಗೂ ಇದೇ ಲೆಕ್ಕ: ಮೊದಲ ಸಲ 11.2, ಎರಡನೇ ಸಲ 12.6 ಮಿಲಿಮೀಟರ್ ಇದ್ದರೆ 12 ಕೆಜಿಗೆ 1.4 ಏರಿದೆ, 4 ಕೆಜಿಗೆ 0.5, 90 ಕೆಜಿಯಲ್ಲಿ 11.7. ಅದೇ ಗಂಡು 78ನೇ ದಿನ 30 ಕೆಜಿ ಇದ್ದರೆ, 87 ದಿನದಲ್ಲಿ 60 ಕೆಜಿ ಬೆಳೆದಿದೆ, ದಿನಕ್ಕೆ 690 ಗ್ರಾಂ. ಹೋಲಿಸಬೇಕಾದ್ದು 690 ಮತ್ತು 11.7 ಎಂಬ ಈ ಎರಡು ಅಂಕಿಗಳನ್ನು.

ಗಂಡು, ಹೆಣ್ಣು, ಬೀಜ ತೆಗೆದವು ಎಲ್ಲಾ ಒಟ್ಟಿಗೆ ಹೋಲಿಸಬಹುದಾ?

ಬೇಡ. ಬೀಜ ತೆಗೆಯದ ಗಂಡಿನಲ್ಲಿ ಕೊಬ್ಬು ಎಲ್ಲಕ್ಕಿಂತ ಕಡಿಮೆ, ಹೆಣ್ಣು ನಡುವೆ, ಬೀಜ ತೆಗೆದದ್ದರಲ್ಲಿ ಹೆಚ್ಚು. ಮೂರು-ನಾಲ್ಕು ವಾರದ ಅಂತರದೊಳಗೆ ಹುಟ್ಟಿ, ಒಂದೇ ಶೆಡ್‌ನಲ್ಲಿ ಒಂದೇ ಫೀಡ್ ತಿಂದ ಒಂದೇ ಲಿಂಗದವನ್ನು ಒಂದು ಗುಂಪು ಮಾಡಿ. ಪ್ರತಿ ಹಂದಿಯ ಅಂಕಿಯಿಂದ ಆ ಗುಂಪಿನ ಸರಾಸರಿ ಕಳೆಯಿರಿ. ಏಪ್ರಿಲ್ ಸೆಖೆಯಲ್ಲಿ ಬೆಳೆದ ಹಂದಿಯನ್ನು ಡಿಸೆಂಬರ್ ಹಂದಿಯ ಜೊತೆ ನೇರ ಹೋಲಿಸಿದರೆ ನೀವು ಆರಿಸುತ್ತಿರುವುದು ಹವಾಮಾನವನ್ನು.

ಹೋಟೆಲ್ ಮುಸುರೆ ಹಾಕಿ ಸಾಕ್ತೀನಿ. ಈ ಲೆಕ್ಕ ನನಗೆ ನಡೆಯುತ್ತಾ?

ಅರ್ಧ ನಡೆಯುತ್ತದೆ. ಮುಸುರೆಯಲ್ಲಿ ಅನ್ನದ ಪಾಲು ಹೆಚ್ಚು, ಪ್ರೋಟೀನ್ ಕಡಿಮೆ, ಅದೂ ದಿನಕ್ಕೊಂದು ತರಹ. ಮಾಂಸಖಂಡ ಕಟ್ಟುವ ಶಕ್ತಿ ಇರುವ ಹಂದಿಗೂ ಸಾಕಷ್ಟು ಲೈಸಿನ್ (ಪ್ರೋಟೀನಿನ ಒಂದು ಮುಖ್ಯ ಅಂಶ) ಸಿಗದಿದ್ದರೆ ಅದು ಕೊಬ್ಬೇ ಕಟ್ಟುತ್ತದೆ. ಆಗ ಒಳ್ಳೆಯದಕ್ಕೂ ಸಾಧಾರಣದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮಾರುವ ಹಂದಿಗಳನ್ನು ಮುಸುರೆಯಲ್ಲೇ ಬೆಳೆಸಿ, ಬೀಜಕ್ಕೆ ಬಿಡಲು ಯೋಚಿಸುತ್ತಿರುವ ಹತ್ತಿಪ್ಪತ್ತನ್ನು ಮಾತ್ರ ಬೇರೆ ಮಾಡಿ ಮೆಕ್ಕೆಜೋಳ-ಸೋಯಾ ಹಿಂಡಿಯ ಫೀಡನ್ನು ಹೊಟ್ಟೆ ತುಂಬ ಕೊಡಿ. 50ರಿಂದ 75 ಕೆಜಿವರೆಗೆ ಜೀರ್ಣವಾಗುವ ಲೈಸಿನ್ ಶೇ. 0.85ರ ಸುತ್ತ ಇರಲಿ.

ಕುದಿಸದ ಮುಸುರೆ ಮಾತ್ರ ಯಾವ ಹಂದಿಗೂ ಬೇಡ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಭಾರತಕ್ಕೆ ಬಂತು, 2022ರಲ್ಲಿ ನಮ್ಮ ಗಡಿಯ ವಯನಾಡಿನಲ್ಲೂ ಕಾಣಿಸಿತು. ಹತ್ತು ವರ್ಷದ ಆಯ್ಕೆಯನ್ನು ಒಂದೇ ವಾರದಲ್ಲಿ ಅಳಿಸಬಲ್ಲ ರೋಗ ಅದು.

## ಆಯ್ಕೆ

ಒಂದು ಗಂಡು ತುಂಬ ಬೆಳೆದಿದೆ, ಕೊಬ್ಬೂ ಜಾಸ್ತಿ. ಇನ್ನೊಂದು ತೆಳ್ಳಗಿದೆ, ನಿಧಾನ. ಯಾವುದನ್ನು ಬೀಜಕ್ಕೆ ಬಿಡಲಿ?

ಎರಡೂ ಗುಣವನ್ನು ಒಂದೇ ಅಂಕಿಗೆ ಇಳಿಸಿ. ಈ ಸೂಚ್ಯಂಕ ವಿಧಾನವನ್ನು ತಳಿವಿಜ್ಞಾನಕ್ಕೆ ಗಟ್ಟಿಯಾಗಿ ಕೂರಿಸಿದ್ದು 1943ರ ಹೇಜಲ್ ಅವರ ಪ್ರಬಂಧ. ಮನೆಯಲ್ಲಿ ಮಾಡಿಕೊಳ್ಳುವ ಸರಳ ರೂಪ ಹೀಗಿದೆ: ಬೆಳವಣಿಗೆಯಲ್ಲಿ ಸರಾಸರಿಯಿಂದ ಎಷ್ಟು ಹೆಚ್ಚೋ ಅದನ್ನು 80ರಿಂದ ಭಾಗಿಸಿ, ಕೊಬ್ಬಿನಲ್ಲಿ ಎಷ್ಟು ಹೆಚ್ಚೋ ಅದನ್ನು 2.5ರಿಂದ ಭಾಗಿಸಿ, ಮೊದಲಿನದರಿಂದ ಎರಡನೆಯದನ್ನು ಕಳೆಯಿರಿ. 80 ಗ್ರಾಂ, 2.5 ಮಿಲಿಮೀಟರ್ ಎಂಬುವು ಹಿಂಡಿನೊಳಗಿನ ಹರಡಿಕೆಯ ಅಳತೆ (ಸ್ಟ್ಯಾಂಡರ್ಡ್ ಡಿವಿಯೇಷನ್). ನಿಮ್ಮ ದಾಖಲೆ ಬೆಳೆದ ಮೇಲೆ ನಿಮ್ಮದೇ ಅಂಕಿ ಹಾಕಿಕೊಳ್ಳಿ.

ಮೂರು ಗಂಡು ನೋಡೋಣ. ಮೊದಲನೆಯದು ಸರಾಸರಿಗಿಂತ 160 ಗ್ರಾಂ ಮುಂದೆ, ಕೊಬ್ಬು 3 ಮಿಲಿಮೀಟರ್ ಹೆಚ್ಚು: 2.0 ಕಳೆ 1.2, ಅಂದರೆ 0.8. ಎರಡನೆಯದು 90 ಗ್ರಾಂ ಮುಂದೆ, ಕೊಬ್ಬು 2 ಕಡಿಮೆ: 1.1 ಕೂಡು 0.8, ಅಂದರೆ 1.9. ಮೂರನೆಯದು 20 ಗ್ರಾಂ ಹಿಂದೆ, ಕೊಬ್ಬು 4 ಕಡಿಮೆ: 1.6ರಲ್ಲಿ 0.25 ಹೋಗಿ 1.35. ಎರಡರಲ್ಲೂ ಮೊದಲ ಸ್ಥಾನ ಬಾರದ ಎರಡನೆಯದೇ ಗೆದ್ದಿತು. ಕಣ್ಣಂದಾಜಿನಲ್ಲಿ ಆರಿಸುವವರು ಕೈಬಿಡುವುದು ಇಂಥ ಹಂದಿಯನ್ನೇ. ಮಾರುಕಟ್ಟೆಯಲ್ಲಿ ಕೊಬ್ಬಿಗೆ ಅಷ್ಟು ಕಡಿತ ಇಲ್ಲವೆಂದರೆ ಕೊಬ್ಬಿನ ಭಾಗವನ್ನು ಅರ್ಧ ಮಾಡಿ. ಆಗ ಅಂಕಿಗಳು 1.4, 1.5, 0.55. ಮೊದಲನೆಯದು ಹತ್ತಿರ ಬಂತು, ಮೂರನೆಯದು ಬಿದ್ದುಹೋಯಿತು.

ಅಂಕಿ ನೋಡುವ ಮೊದಲೇ ತೆಗೆದುಹಾಕಬೇಕಾದವು ಬೇರೆ ಇವೆ: ಕಾಲು ವಕ್ರ ಇರುವವು, ಹಿಂಗಾಲು ನೆಟ್ಟಗೆ ಕೋಲಿನಂತಿರುವವು, ಹರ್ನಿಯಾ ಇರುವವು, 12ಕ್ಕಿಂತ ಕಡಿಮೆ ಒಳ್ಳೆಯ ಮೊಲೆ ಇರುವವು. ಮೊಲೆಯ ಎಣಿಕೆ ಗಂಡಿನಲ್ಲೂ ಮಾಡಬೇಕು, ಅದು ಹೆಣ್ಣುಮರಿಗಳಿಗೆ ಇಳಿಯುತ್ತದೆ.

ಹೀಗೆ ಆರಿಸಿದರೆ ಒಂದು ತಲೆಮಾರಿಗೆ ಎಷ್ಟು ಸುಧಾರಿಸುತ್ತೆ?

20 ಗಂಡಿನಲ್ಲಿ ಒಂದನ್ನು ಉಳಿಸಿಕೊಂಡಿರಿ, ಅದು ಸರಾಸರಿಗಿಂತ 150 ಗ್ರಾಂ ಮುಂದಿದೆ. 40 ಹೆಣ್ಣಿನಲ್ಲಿ 10 ಉಳಿಸಿದಿರಿ, ಅವು ಸರಾಸರಿ 100 ಗ್ರಾಂ ಮುಂದಿವೆ. ಎರಡರ ನಡುವಣ ಅಂಕಿ 125, ಅದರ ಶೇ. 30 ಎಂದರೆ 37 ಗ್ರಾಂ. ಮರಿಗಳು ದಿನಕ್ಕೆ 37 ಗ್ರಾಂ ಹೆಚ್ಚು ಬೆಳೆಯುತ್ತವೆ ಎಂದು ನಿರೀಕ್ಷಿಸಬಹುದು. ಇದು ಒಂದೇ ಗುಣಕ್ಕೆ ಆರಿಸಿದಾಗ. ಎರಡು ಗುಣ ಹಿಡಿದರೆ ಪ್ರತಿಯೊಂದರಲ್ಲೂ ಇದರ ಸುಮಾರು ಶೇ. 70 ಸಿಗುತ್ತದೆ.

ಗಬ್ಬದ ಅವಧಿ 114 ದಿನ. ಹುಟ್ಟಿದ ಹೆಣ್ಣು ಸುಮಾರು ಒಂದು ವರ್ಷಕ್ಕೆ ಮರಿ ಹಾಕುತ್ತದೆ. ಹಾಗಾಗಿ ತಲೆಮಾರು ಒಂದರಿಂದ ಎರಡು ವರ್ಷ. ಹಳೆಯ ಗಂಡನ್ನು ನಾಲ್ಕೈದು ವರ್ಷ ಇಟ್ಟುಕೊಂಡರೆ ಅಷ್ಟೂ ವರ್ಷ ಗಂಡಿನ ಕಡೆಯ ಸುಧಾರಣೆ ನಿಂತಂತೆ.

ಒಂದೇ ಗಂಡಿನಿಂದ ಎಷ್ಟು ದಿನ ನಡೆಸಬಹುದು? ಅದರ ಮಗಳಿಗೇ ಬಿಟ್ಟರೆ ಏನಾಗುತ್ತೆ?

ಅಪ್ಪ-ಮಗಳ ಮರಿಗಳಲ್ಲಿ ಒಳಸಂಬಂಧ (ಒಂದೇ ಪೂರ್ವಜನ ಅದೇ ಜೀನ್ ಅಪ್ಪ, ಅಮ್ಮ ಎರಡೂ ಕಡೆಯಿಂದ ಬರುವ ಸಂಭವ) ಶೇ. 25, ಅಪ್ಪ ಒಂದೇ ಆಗಿ ತಾಯಿ ಬೇರೆಯಾದ ಅಣ್ಣ-ತಂಗಿಯ ಮರಿಗಳಲ್ಲಿ ಶೇ. 12.5. ಮೊದಲು ಪೆಟ್ಟು ಬೀಳುವುದು ಮರಿ ಸಂಖ್ಯೆಗೆ, ಮರಿ ಬದುಕುವುದಕ್ಕೆ, ಆಮೇಲೆ ಬೆಳವಣಿಗೆಗೆ. ಹೊರಗಿನಿಂದ ಏನೂ ತರದ ಹಿಂಡಿನಲ್ಲಿ ಪ್ರತಿ ತಲೆಮಾರಿಗೆ ಒಳಸಂಬಂಧ ಎಷ್ಟು ಏರುತ್ತದೆ ಎಂದು ತಿಳಿಯಲು 1ನ್ನು ಗಂಡಿನ ಸಂಖ್ಯೆಯ 8 ಪಟ್ಟಿನಿಂದ ಭಾಗಿಸಿ, 1ನ್ನು ಹೆಣ್ಣಿನ ಸಂಖ್ಯೆಯ 8 ಪಟ್ಟಿನಿಂದ ಭಾಗಿಸಿ, ಎರಡನ್ನೂ ಕೂಡಿಸಿ. 2 ಗಂಡು, 20 ಹೆಣ್ಣು ಇದ್ದರೆ ಶೇ. 6.9. 8 ಗಂಡು, 40 ಹೆಣ್ಣು ಇದ್ದರೆ ಶೇ. 1.9. ಸಣ್ಣ ಹಿಂಡಿನವರು ತಮ್ಮದೇ ಶುದ್ಧ ತಳಿಯ ಸಾಲು ನಡೆಸುವುದು ಬೇಡ ಎನ್ನಲು ಇದೇ ಕಾರಣ. ಗಂಡು ಅಥವಾ ವೀರ್ಯ ಹೊರಗಿನಿಂದ ಬರಲಿ.

ನನ್ನ ಮಿಶ್ರತಳಿ ಗಂಡು ಬಹಳ ಚೆನ್ನಾಗಿ ಬಂದಿದೆ. ಅದನ್ನೇ ಇಟ್ಟುಕೊಳ್ಳಲಾ?

ಅದರ ಅಂದದಲ್ಲಿ ಒಂದು ಪಾಲು ಮಿಶ್ರಣದ ಹುರುಪು, ಅಂದರೆ ಬೇರೆ ಬೇರೆ ತಳಿ ಕೂಡಿದ್ದರಿಂದಲೇ ಬಂದ ಹೆಚ್ಚುವರಿ. ಅದು ಮರಿಗಳಿಗೆ ಪೂರ್ತಿ ಇಳಿಯುವುದಿಲ್ಲ, ತನ್ನಂಥದ್ದೇ ಮಿಶ್ರ ಹೆಣ್ಣಿಗೆ ಬಿಟ್ಟರೆ ಅರ್ಧ ಕರಗುತ್ತದೆ. ಹುರುಪು ಹೆಚ್ಚು ಕೆಲಸ ಮಾಡುವುದು ಮರಿ ಸಂಖ್ಯೆ, ಮರಿ ಉಳಿವಿನಲ್ಲಿ. ಬೆಳವಣಿಗೆಯಲ್ಲಿ ಮಧ್ಯಮ, ಕೊಬ್ಬಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಲ್ಯಾಂಡ್ರೇಸ್-ಯಾರ್ಕ್‌ಷೈರ್ ಮಿಶ್ರ ತಾಯಿ, ಅದಕ್ಕೆ ಶುದ್ಧ ಡ್ಯುರಾಕ್ ಗಂಡು, ಮರಿಗಳೆಲ್ಲ ಮಾಂಸಕ್ಕೆ: ಲೋಕದ ತುಂಬ ಈ ಪದ್ಧತಿ ನಿಂತಿರುವುದು ಈ ಲೆಕ್ಕದ ಮೇಲೆ.

ಕೊಬ್ಬು ಕಡಿಮೆಯಾದ ಮೇಲೆ ಹೆಣ್ಣುಗಳು ಸರಿಯಾಗಿ ಬೆದೆಗೆ ಬರ್ತಿಲ್ಲ. ಆಯ್ಕೆಯ ತಪ್ಪಾ?

ಬಹುಪಾಲು ಸಾಕಣೆಯ ತಪ್ಪು, ಸ್ವಲ್ಪ ಆಯ್ಕೆಯದ್ದು. ತೆಳ್ಳನೆಯ ಸಾಲಿನ ಹಂದಿಗೆ ಹಸಿವೂ ಕಡಿಮೆ ಇರುತ್ತದೆ. ಹಾಲು ಕುಡಿಸುವಾಗ ಮೈಯ ಕೊಬ್ಬೇ ಕರಗಿ, ಮರಿ ಬಿಡಿಸಿದ ಮೇಲೆ ಬೆದೆ ತಡವಾಗುತ್ತದೆ. ಹಳೆಯ ಅಭ್ಯಾಸದಂತೆ 90 ಕೆಜಿಗೇ ಗಂಡಿಗೆ ಬಿಡಬೇಡಿ. ಇಂದಿನ ವಿದೇಶಿ ಸಾಲುಗಳಿಗೆ 130ರಿಂದ 140 ಕೆಜಿ ಬರಲಿ. ಬೀಜದ ಹೆಣ್ಣನ್ನು ಮಾಂಸದ ಹಂದಿಯ ಫೀಡಿನಲ್ಲಿ ಬೆಳೆಸಬೇಡಿ, ಮೂಳೆಗೆ ಬೇಕಾದ ಕ್ಯಾಲ್ಸಿಯಂ-ರಂಜಕ ಹೆಚ್ಚು ಇರಲಿ. ತಾಯಿ ಕಡೆಯ ತಳಿಯಲ್ಲಿ ಕೊಬ್ಬು ಇಳಿಸುವ ಆಯ್ಕೆಯನ್ನು ಒಂದು ಹಂತಕ್ಕೆ ನಿಲ್ಲಿಸಿ, ಮಾಂಸದ ಗುಣವನ್ನು ತಂದೆ ಕಡೆಯಿಂದ ತನ್ನಿ.

ಕರಾವಳಿಯವರು ಇನ್ನೊಂದು ನೆನಪಿಡಿ. ಬೇಗ ಬೆಳೆಯುವ ಹಂದಿಯ ಮೈಯಿಂದ ಹೊರಬೀಳುವ ಶಾಖವೂ ಹೆಚ್ಚು. 25 ಡಿಗ್ರಿ ಮೀರಿದಂತೆ ಅದು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ತಂಪು ದೇಶದ ಅಂಕಿ ನೋಡಿ ತಂದ ಗಂಡಿನ ಮರಿಗಳು ಇಲ್ಲಿ ಅಷ್ಟು ಬೆಳೆಯದಿದ್ದರೆ ಮೊದಲು ಶೆಡ್‌ನ ಉಷ್ಣಾಂಶ ನೋಡಿ.

ಗಂಡು ತರೋದಾ, ವೀರ್ಯ ತರಿಸೋದಾ?

ಆದಷ್ಟು ವೀರ್ಯ. ಹಂದಿಯ ವೀರ್ಯವನ್ನು ಹಸುವಿನದ್ದರಂತೆ ಹೆಪ್ಪುಗಟ್ಟಿಸಿ ಬಳಸುವ ರೂಢಿ ಕಡಿಮೆ. ದ್ರವರೂಪದಲ್ಲೇ 17 ಡಿಗ್ರಿಯಲ್ಲಿಟ್ಟು ಮೂರರಿಂದ ಐದು ದಿನದೊಳಗೆ ಬಳಸುತ್ತಾರೆ. ಒಂದು ಡೋಸ್ 80ರಿಂದ 100 ಮಿಲಿಲೀಟರ್. ಫ್ರಿಜ್‌ನಲ್ಲಿಟ್ಟು ಕೆಡಿಸುವುದೇ ಹೆಚ್ಚು ಕಾಣುವ ತಪ್ಪು. ಗಂಡನ್ನೇ ತಂದರೆ 30 ದಿನ ಬೇರೆ ಶೆಡ್, ಬೇರೆ ಬಕೆಟ್, ಬೇರೆ ಚಪ್ಪಲಿ.

## ಜೀನ್ ಮಟ್ಟದಲ್ಲಿ

ಮಾಂಸ ತುಂಬಿದ ಹಂದಿ ಟೆಂಪೋದಲ್ಲೇ ಸತ್ತಿತು. ಇದು ಜೀನ್ ದೋಷ ಅಂತಾರೆ, ನಿಜವಾ?

ಇರಬಹುದು. ಹ್ಯಾಲೊಥೇನ್ ಜೀನ್ ಎಂದು ಹೆಸರು. ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಡಿಎನ್‌ಎ ಬರಹದಲ್ಲಿ ಒಂದೇ ಅಕ್ಷರದ ಬದಲಾವಣೆ. ಬಾಗಿಲು ತೆರೆದರೆ ಮುಚ್ಚುವುದಿಲ್ಲ. ಗಾಬರಿ, ಸೆಖೆ, ನೂಕಾಟವಾದಾಗ ಸ್ನಾಯು ಸೆಟೆದು ಮೈ ಕಾದು ಹಂದಿ ಸಾಯುತ್ತದೆ. ಸಾಯದೆ ಕಡಿಯುವವರೆಗೆ ಉಳಿದರೂ ಮಾಂಸ ಬಿಳಿಚಿ, ಮೆತ್ತಗಾಗಿ, ನೀರು ಸೋರುತ್ತದೆ. ಮೈ ಬಿಸಿಯಿರುವಾಗಲೇ, ಕಡಿದ 45 ನಿಮಿಷದೊಳಗೆ, ಮಾಂಸದ ಆಮ್ಲ ಏರಿ ಪಿಎಚ್ 6ಕ್ಕಿಂತ ಕೆಳಗೆ ಬೀಳುವುದು ಇದಕ್ಕೆ ಕಾರಣ. ಇದೇ ಜೀನ್ ಮಾಂಸದ ಪಾಲನ್ನು ಶೇ. 2-3 ಹೆಚ್ಚಿಸುವುದರಿಂದ ಕೊಬ್ಬು ಕಡಿಮೆ ಎಂದು ಆರಿಸಿದವರು ತಿಳಿಯದೆಯೇ ಇದನ್ನು ಹಬ್ಬಿಸಿದರು. ಪಿಯೆಟ್ರೇನ್‌ನಲ್ಲಂತೂ ಮನೆಮಾತಾಗಿತ್ತು.

1970ರ ದಶಕದಲ್ಲಿ ಮರಿಗಳಿಗೆ ಹ್ಯಾಲೊಥೇನ್ ಅರಿವಳಿಕೆ ಕೊಟ್ಟು, ಕಾಲು ಸೆಟೆದವನ್ನು ತೆಗೆದುಹಾಕುತ್ತಿದ್ದರು. ಪ್ರತಿ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡು ಪ್ರತಿಯಾಗಿ ಬರುತ್ತದೆ. ಅರಿವಳಿಕೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದುದು ದೋಷದ ಎರಡು ಪ್ರತಿ ಇರುವವು ಮಾತ್ರ. 1991ರಲ್ಲಿ ಟೊರೊಂಟೊದ ವಿಜ್ಞಾನಿಗಳು ಆ ಬದಲಾವಣೆಯನ್ನೇ ಗುರುತಿಸಿದ ಮೇಲೆ ಕೂದಲಿನ ಬುಡ ಅಥವಾ ರಕ್ತದ ಹನಿಯಿಂದ ಒಂದು ಪ್ರತಿ ಇರುವವನ್ನೂ ಹಿಡಿಯಬಹುದು. ಬೀಜದ ಗಂಡು ಕೊಳ್ಳುವಾಗ ಈ ಪರೀಕ್ಷೆಯ ಫಲಿತಾಂಶ ಕೇಳಿ. ನಮ್ಮ ಬಿಸಿಲಿನಲ್ಲಿ, ನಮ್ಮ ಸಾಗಣೆಯಲ್ಲಿ ಒಂದು ಪ್ರತಿಯೂ ಇರದ ಗಂಡೇ ಬೇಕು.

ಹ್ಯಾಂಪ್‌ಷೈರ್ ಮಾಂಸ ಹ್ಯಾಮ್‌ಗೆ ಆಗಲ್ಲ ಅಂತಾರಲ್ಲ?

ಕೆಲವು ಹ್ಯಾಂಪ್‌ಷೈರ್ ಸಾಲುಗಳಲ್ಲಿ ಆರ್‌ಎನ್ ಎಂಬ ಜೀನ್ ಇದೆ. 2000ದಲ್ಲಿ ಅದನ್ನು ಗುರುತಿಸಿದರು. ಸ್ನಾಯುವಿನಲ್ಲಿ ಗ್ಲೈಕೊಜನ್ (ಮೈ ಕೂಡಿಡುವ ಸಕ್ಕರೆಯ ರೂಪ) ಅತಿಯಾಗಿ ಕೂಡಿ, ಕಡಿದ ಮರುದಿನ ಮಾಂಸದ ಆಮ್ಲ ಹೆಚ್ಚಿರುತ್ತದೆ. ಬೇಯಿಸಿದ ಹ್ಯಾಮ್‌ನ ತೂಕ ಕಡಿಮೆ ಬರುತ್ತದೆ. ಹಸಿ ಮಾಂಸ ಮಾರುವವರಿಗೆ ಇದು ದೊಡ್ಡ ತೊಂದರೆಯಲ್ಲ.

ಅಪ್ಪನಿಂದ ಬಂದರೆ ಮಾತ್ರ ಕೆಲಸ ಮಾಡೋ ಜೀನ್ ಇದೆಯಂತೆ?

ಹೌದು, ಐಜಿಎಫ್2. ಸ್ವೀಡನ್ನಿನ ಉಪ್ಸಾಲಾ ಮತ್ತು ಬೆಲ್ಜಿಯಂನ ಲಿಯೆಜ್ ತಂಡಗಳು 2003ರಲ್ಲಿ ಅದರ ಒಂದು ಅಕ್ಷರದ ಬದಲಾವಣೆ ಮಾಂಸಖಂಡ ಹೆಚ್ಚಿಸಿ ಬೆನ್ನಿನ ಕೊಬ್ಬು ಇಳಿಸುತ್ತದೆ ಎಂದು ತೋರಿಸಿದವು. ಈ ಜೀನಿನ ತಾಯಿಯಿಂದ ಬಂದ ಪ್ರತಿಯು ಮರಿಯ ಸ್ನಾಯುವಿನಲ್ಲಿ ಸುಮ್ಮನಿರುತ್ತದೆ. ಇದರಿಂದ ಒಂದು ಅನುಕೂಲವಿದೆ: ಗಂಡಿನಲ್ಲಿ ಎರಡೂ ಪ್ರತಿ ಒಳ್ಳೆಯದಿದ್ದರೆ ತಾಯಿ ಯಾವುದೇ ಇರಲಿ, ಎಲ್ಲ ಮರಿಗಳಿಗೂ ಪೂರ್ತಿ ಲಾಭ. ತಾಯಿ ಕಡೆಯಲ್ಲಿ ಸ್ವಲ್ಪ ಕೊಬ್ಬು ಉಳಿಸಿಕೊಳ್ಳಲೂ ದಾರಿಯಾಗುತ್ತದೆ.

ಈಗೆಲ್ಲ ಡಿಎನ್‌ಎ ಚಿಪ್‌ನಲ್ಲಿ ಆರಿಸ್ತಾರಂತೆ. ತೂಕ-ಪುಸ್ತಕ ಇನ್ನು ಯಾಕೆ?

ಚಿಪ್ ತಾನಾಗಿ ಏನನ್ನೂ ಹೇಳುವುದಿಲ್ಲ. ಜೀನೋಮ್, ಅಂದರೆ ಇಡೀ ಡಿಎನ್‌ಎ, ನೋಡಿ ಆರಿಸುವ ವಿಧಾನ 2001ರಲ್ಲಿ ಪ್ರಕಟವಾಯಿತು, ಹಂದಿಯ ಡಿಎನ್‌ಎಯ ಸುಮಾರು 60,000 ಗುರುತುಗಳನ್ನು ಓದುವ ಚಿಪ್ 2009ರಲ್ಲಿ ಬಂತು, 2012ರಲ್ಲಿ ಡ್ಯುರಾಕ್ ಹೆಣ್ಣಿನ ಜೀನೋಮ್ ಪೂರ್ತಿ ಓದಿದ್ದು ಹೊರಬಿತ್ತು. ಆದರೆ ಯಾವ ಗುರುತು ಎಷ್ಟು ಗ್ರಾಂ, ಎಷ್ಟು ಮಿಲಿಮೀಟರ್ ಎಂದು ತಿಳಿಯಲು ಸಾವಿರಾರು ಹಂದಿಗಳ ತೂಕ, ಕೊಬ್ಬು ಅಳೆದೇ ಇರಬೇಕು. ಒಂದು ದೇಶದ ಹಿಂಡಿನಲ್ಲಿ ಕಟ್ಟಿದ ಲೆಕ್ಕ ಇನ್ನೊಂದು ತಳಿಗೆ ಸರಿಯಾಗಿ ಕೂರುವುದೂ ಇಲ್ಲ.

ಚಿಪ್ ನಿಜವಾಗಿ ನೆರವಾಗುವುದು ಗಂಡಿನಲ್ಲಿ ಅಳೆಯಲಾಗದ ಗುಣಗಳಿಗೆ: ಮರಿ ಸಂಖ್ಯೆ, ಹಾಲು, ಕಡಿದ ಮೇಲಿನ ಮಾಂಸದ ಗುಣ. ಬೆಳವಣಿಗೆ ಮತ್ತು ಬೆನ್ನಿನ ಕೊಬ್ಬನ್ನು ಹಂದಿಯ ಮೇಲೆಯೇ ಅಳೆಯಬಹುದು. ಅದರಾಚೆ, ಸಂಬಂಧಿಕರ ದಾಖಲೆಯನ್ನೆಲ್ಲ ಸೇರಿಸಿ ಹಿಂಡು, ಕಾಲದ ಪರಿಣಾಮ ಕಳೆದು ಬೆಲೆ ಕಟ್ಟುವ ಬ್ಲಪ್ ಲೆಕ್ಕವಿದೆ, ಅಮೆರಿಕದ ತಳಿವಿಜ್ಞಾನಿ ಹೆಂಡರ್ಸನ್ ರೂಪಿಸಿದ್ದು. ನಾಲ್ಕೈದು ಸಾಕಣೆದಾರರು ಒಂದೇ ಗಂಡಿನ ವೀರ್ಯ ಹಂಚಿಕೊಂಡು ಒಂದೇ ಕ್ರಮದಲ್ಲಿ ಪುಸ್ತಕ ಇಟ್ಟರೆ ಪಶುವೈದ್ಯ ಕಾಲೇಜಿನ ತಳಿಶಾಸ್ತ್ರ ವಿಭಾಗದವರು ಅದನ್ನು ಕಂಪ್ಯೂಟರಿಗೆ ಹಾಕಬಲ್ಲರು. ಪ್ರತಿ ಹಿಂಡಿನಲ್ಲೂ ಆ ಗಂಡಿನ ಮರಿಗಳು ಹತ್ತಾದರೂ ಇರಲಿ. ಹಿಂಡಿನಿಂದ ಹಿಂಡಿಗೆ ಹೋಲಿಕೆ ಸಾಧ್ಯವಾಗುವುದು ಅವುಗಳ ಮೂಲಕ.